ರೆಕಾರ್ಡ್‌ನಲ್ಲಿ ನಾನು ಬರೆದ 61: ಸೈಕಾಲಜಿ ಮೇಷ್ಟ್ರುಗಳಿಗೆ ಒಂದು ಬಹಿರಂಗ ಪತ್ರ

ಸೈಕಾಲಜಿ ಪದವಿಗೆ ಪಾಠ ಮಾಡುವ, ಸಿಲಬಸ್ ಬರೆಯುವ, ಪ್ರಾಕ್ಟಿಕಲ್ ಪರೀಕ್ಷೆಗೆ ಬಂದು ರೆಕಾರ್ಡ್‌ಗೆ ಸಹಿ ಹಾಕುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮಸ್ಕಾರ.

ಮೊದಲು ಒಂದು ತಪ್ಪೊಪ್ಪಿಗೆ. ಎರಡನೇ ವರ್ಷದ ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ನಾನು ಸುಳ್ಳು ಬರೆದಿದ್ದೇನೆ. 97 ಅಂತ ಬರೆಯಬೇಕಾದ ಕಡೆ 61 ಅಂತ ಬರೆದೆ. ಅದಕ್ಕೆ ಪೂರ್ತಿ ಮಾರ್ಕ್ಸ್ ಬಂತು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಗುಡ್' ಅಂತ ಬೇರೆ ಇತ್ತು.

ಕನ್ನಡಿ ನೋಡಿ ನಕ್ಷತ್ರ ಬರೆಯುವ ಪ್ರಯೋಗ ಅದು. ನಿಮಗೆ ಗೊತ್ತಿರುವುದೇ, ಆದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರಲ್ಲ, ಅದಕ್ಕೆ ಹೇಳುತ್ತೇನೆ. ಮೇಜಿನ ಮೇಲೆ ಒಂದು ಹಲಗೆ, ಅದರ ಮೇಲೆ ಜೋಡಿ ಗೆರೆಯಲ್ಲಿ ನಕ್ಷತ್ರದ ಚಿತ್ರ. ಕೈ ನೇರವಾಗಿ ಕಾಣಬಾರದು ಅಂತ ಒಂದು ಮರೆ. ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಕೇಳೋಕೆ ಸುಲಭ. ಕೂತು ನೋಡಿದರೆ ಗೊತ್ತಾಗುತ್ತದೆ. ಮೊದಲ ಮೂಲೆ ಬಂದ ಕೂಡಲೇ ಕೈ ನಿಂತುಬಿಡುತ್ತದೆ, ಕಣ್ಣು ಮೇಲೆ ಹೋಗು ಅಂದರೆ ಪೆನ್ಸಿಲ್ ಕೆಳಗೆ ಜಾರುತ್ತದೆ, ಸರಿ ಮಾಡೋಣ ಅಂತ ಹೊರಟರೆ ಅದೇ ತಪ್ಪು ದಿಕ್ಕಿಗೆ ಇನ್ನಷ್ಟು ದೂರ ಹೋಗುತ್ತದೆ. ನನ್ನ ಸಬ್ಜೆಕ್ಟ್ ಆಗಿ, ಅಂದರೆ ಪ್ರಯೋಗ ಮಾಡಿಸಿಕೊಳ್ಳಲು, ಕೂತಿದ್ದವಳು ನನ್ನ ಕ್ಲಾಸ್‌ಮೇಟ್. ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಬರೆಯುತ್ತಿದ್ದಳು. ಅವಳ ಕಾಗದದಲ್ಲಿ ಪ್ರತಿ ಮೂಲೆಯಲ್ಲೂ ಕೂದಲು ಗಂಟು ಬಿದ್ದ ಹಾಗೆ ಗೀಚು.

ಎಡಗೈಯಲ್ಲಿ ಒಂದು ಸಲ, ಆಮೇಲೆ ಬಲಗೈಯಲ್ಲಿ ಹತ್ತು ಸಲ, ಕೊನೆಗೆ ಮತ್ತೆ ಎಡಗೈಯಲ್ಲಿ ಒಂದು ಸಲ. ಬಲಗೈ ಕಲಿತದ್ದು ಸ್ವಲ್ಪ ಮಟ್ಟಿಗೆ ಎಡಗೈಗೂ ದಾಟುತ್ತದೆ ಅನ್ನುವುದನ್ನು ತೋರಿಸಬೇಕಿತ್ತು. ಅವಳ ಎಡಗೈ ಮೊದಲ ಸಲ ತಗೊಂಡಿದ್ದು 92 ಸೆಕೆಂಡು. ಬಲಗೈ ಚೆನ್ನಾಗಿ ಕಲಿಯಿತು, ಸಲದಿಂದ ಸಲಕ್ಕೆ ಸಮಯ ಇಳಿಯಿತು. ಕೊನೆಗೆ ಎಡಗೈ. ನಾನು ಸ್ಟಾಪ್‌ವಾಚ್ ಒತ್ತಿ ನೋಡಿದರೆ 97.

ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಇದನ್ನ ಬರೆದ್ರೆ ಮತ್ತೆ ಮಾಡು ಅಂತಾರೆ" ಅಂದಳು. ಮತ್ತೆ ಮಾಡೋಕೆ ಟೈಮ್ ಇರಲಿಲ್ಲ, ಕನ್ನಡಿಗೆ ಇನ್ನೂ ಆರು ಜನ ಕಾಯುತ್ತಿದ್ದರು. ಸೀನಿಯರ್ ಒಬ್ಬರ ಹಳೇ ರೆಕಾರ್ಡ್ ಹೇಗೂ ಮೇಜಿನ ಮೇಲಿತ್ತು. ಅದನ್ನು ನೋಡಿ ಒಂದು ಅಂದಾಜು ಮಾಡಿ 61 ಅಂತ ಬರೆದೆ. 60 ಅಂತ ಬರೆದರೆ ತೀರಾ ದುಂಡಗೆ ಕಾಣುತ್ತದೆ, ಅನುಮಾನ ಬರುತ್ತದೆ ಅಂತ 61. ಅಷ್ಟು ಸೈಕಾಲಜಿ ಆಗಲೇ ಬಂದಿತ್ತು ನನಗೆ.

ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಅಂದರೆ, ನಾನು ನಿಮ್ಮನ್ನು ಕೇಳಬೇಕಾಗಿರುವುದು ಒಂದೇ ವಿಷಯ. ಬಂದದ್ದನ್ನು ಬಂದ ಹಾಗೆ ಬರೆದ ಹುಡುಗ ಹುಡುಗಿಯರಿಗೆ ಪೂರ್ತಿ ಮಾರ್ಕ್ಸ್ ಕೊಡಿ. ಪಠ್ಯದಲ್ಲಿ ಇದ್ದ ಹಾಗೆ ಬರಲಿಲ್ಲ ಅಂತ ಕತ್ತರಿಸಬೇಡಿ. ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತ ಇರುವ ಮಾತು.

ಆ 97 ತಪ್ಪೇನೂ ಆಗಿರಲಿಲ್ಲ. ಸತತ ಹತ್ತು ಸಲ ಬರೆದು ಅವಳಿಗೆ ಸುಸ್ತಾಗಿರಬಹುದು. ಕಾಯುತ್ತಿದ್ದವರ ಗಲಾಟೆ ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, 'ಕಲಿಕೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತದೆ' ಅನ್ನುವುದು ತುಂಬ ಜನರ ಸರಾಸರಿ ತೆಗೆದಾಗ ಕಾಣುವ ವಿಷಯ, ಮೇಜಿನ ಮುಂದೆ ಕೂತ ಪ್ರತಿಯೊಬ್ಬರ ಕೈಯಲ್ಲೂ ಕಂಡೇ ತೀರಬೇಕು ಅಂತ ಯಾರೂ ಹೇಳಿಲ್ಲ. ಒಬ್ಬಳನ್ನು ಕೂರಿಸಿ ಒಂದು ಸಲ ಅಳೆದು ಸಿದ್ಧಾಂತ ಸಾಬೀತಾಯಿತು ಅಂತ ಬರೆಯುವುದೇ ತಮಾಷೆ. ಅದನ್ನು ಆವತ್ತು ಯಾರಾದರೂ ಹೇಳಿದ್ದರೆ ಆ ರೆಕಾರ್ಡ್‌ನಲ್ಲಿ ನಾನು ಬರೆದ ಅತಿ ಒಳ್ಳೆಯ ಪುಟ ಅದಾಗುತ್ತಿತ್ತು. ಅದರ ಬದಲು ನಮ್ಮ ಬ್ಯಾಚಿನ ಅಷ್ಟೂ ರೆಕಾರ್ಡ್‌ಗಳಲ್ಲಿ ಕೊನೆಯ ವಾಕ್ಯ ಒಂದೇ: 'ಫಲಿತಾಂಶವು ಊಹೆಯನ್ನು ಸಮರ್ಥಿಸುತ್ತದೆ.' ಒಬ್ಬರದೂ ತಪ್ಪಿಲ್ಲ. ಅಷ್ಟು ಜನರಲ್ಲಿ ಒಬ್ಬರಿಗೂ ಬೇರೆ ಥರ ಬರಲಿಲ್ಲ ಅಂದರೆ ನಿಮಗೆ ಅನುಮಾನ ಬರಬೇಕಿತ್ತು ಅಲ್ವಾ ಮೇಷ್ಟ್ರೇ?

ಅದೇ ನಕ್ಷತ್ರ, ಅದೇ ಕನ್ನಡಿ, ಇನ್ನೊಬ್ಬರ ಕೈಯಲ್ಲಿ ಏನು ಮಾಡಿತು ನೋಡಿ. 1953ರಲ್ಲಿ ಹೆನ್ರಿ ಮೊಲೈಸನ್ ಅನ್ನುವ ಯುವಕನಿಗೆ ಮೂರ್ಛೆ ರೋಗ ನಿಲ್ಲಿಸಲು ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ದೊಡ್ಡ ತುಂಡನ್ನು ಎರಡೂ ಬದಿಯಿಂದ ತೆಗೆದರು. ಆಮೇಲೆ ಅವನಿಗೆ ಹೊಸ ನೆನಪು ನಿಲ್ಲಲೇ ಇಲ್ಲ. ಈಗ ಮಾತಾಡಿಸಿ ಎದ್ದು ಹೋದವರು ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಬಂದರೆ ಹೊಸಬರು. ಬ್ರೆಂಡಾ ಮಿಲ್ನರ್ ಅನ್ನುವ ಮನೋವಿಜ್ಞಾನಿ ಅವನ ಮುಂದೆ ಈ ನಕ್ಷತ್ರ ಇಟ್ಟರು. ಮೂರು ದಿನ ಬರೆಸಿದರು. ಇದನ್ನು ಮುಂಚೆ ಮಾಡಿದ ನೆನಪು ಅವನಿಗಿಲ್ಲ, ಪ್ರತಿ ದಿನವೂ ಮೊದಲ ದಿನವೇ. ಆದರೆ ತಪ್ಪುಗಳು ಕಡಿಮೆಯಾಗುತ್ತ ಹೋದವು. ಅವನಿಗೆ ಗೊತ್ತಿಲ್ಲ, ಅವನ ಕೈಗೆ ಗೊತ್ತು. ನೆನಪು ಅಂದರೆ ಒಂದೇ ಪೆಟ್ಟಿಗೆ ಅಲ್ಲ, ಬೇರೆ ಬೇರೆ ಥರದ ನೆನಪುಗಳಿವೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಆಗ ಇರಲಿಲ್ಲ. 2008ರಲ್ಲಿ ಅವನು ತೀರಿಕೊಳ್ಳುವ ತನಕ ಪುಸ್ತಕಗಳಲ್ಲಿ ಅವನ ಹೆಸರು ಬರೀ ಎಚ್.ಎಂ. ಹೊಸದೇನೂ ನೆನಪಿನಲ್ಲಿ ಉಳಿಯದವನು ಕಲಿಯುವುದೆಲ್ಲಿಂದ ಅಂತ ನಾವಾಗಿದ್ದರೆ ಅಂದುಕೊಳ್ಳುತ್ತಿದ್ದೆವು. ಮಿಲ್ನರ್ ಜಾಗದಲ್ಲಿ ನಾನಿದ್ದಿದ್ದರೆ ಅಂಕಿ ತಿದ್ದುತ್ತಿದ್ದೆ, ಪೂರ್ತಿ ಮಾರ್ಕ್ಸ್ ತಗೊಳ್ಳುತ್ತಿದ್ದೆ.

ನಗಬೇಡಿ. ದೊಡ್ಡವರೂ ಇದನ್ನೇ ಮಾಡಿದ್ದಾರೆ. 2011ರಲ್ಲಿ ನೆದರ್ಲೆಂಡ್ಸ್‌ನ ಡೀಡರಿಕ್ ಸ್ಟಾಪೆಲ್ ಅನ್ನುವ ಹೆಸರುವಾಸಿ ಸಾಮಾಜಿಕ ಮನೋವಿಜ್ಞಾನಿ ಸಿಕ್ಕಿಬಿದ್ದರು. ಎಷ್ಟೋ ಪ್ರಯೋಗಗಳ ಅಂಕಿಗಳನ್ನು ಕೂತಲ್ಲೇ ಹುಟ್ಟಿಸಿದ್ದರು. ಅವರ 50ಕ್ಕೂ ಹೆಚ್ಚು ಲೇಖನಗಳನ್ನು ಪತ್ರಿಕೆಗಳು ವಾಪಸ್ ತೆಗೆದುಕೊಳ್ಳಬೇಕಾಯಿತು. ಅದು ಅಪರೂಪದ ಕಳ್ಳತನ, ಬಿಡಿ. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಕಳ್ಳರಲ್ಲದವರ ಕಥೆ. 2015ರಲ್ಲಿ ಒಂದು ದೊಡ್ಡ ತಂಡ ಒಳ್ಳೊಳ್ಳೆ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೊದಲ ಸಲ ಶೇಕಡಾ 97ರಲ್ಲಿ 'ಫಲಿತಾಂಶ ಸಿಕ್ಕಿದೆ' ಅಂತ ಇತ್ತು. ಎರಡನೇ ಸಲ ಹಾಗೆ ಸಿಕ್ಕಿದ್ದು ಶೇಕಡಾ 36ರಲ್ಲಿ. ಆ ಲೆಕ್ಕವನ್ನು ಹೇಗೆ ಓದಬೇಕು ಅನ್ನುವುದರ ಬಗ್ಗೆ ಜಗಳ ಇದೆ, ಇರಲಿ, ಜಗಳ ಇರುವುದೂ ಒಳ್ಳೆಯದೇ. ಆದರೆ ಈ ಸಂಶೋಧಕರೆಲ್ಲ ಸುಳ್ಳುಗಾರರಾಗಿರಲಿಲ್ಲ. ಬಂದದ್ದರಲ್ಲಿ ಚೆನ್ನಾಗಿ ಬಂದದ್ದನ್ನು ಕಳಿಸಿದರು, ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು, ನನ್ನ 97 ಸೆಕೆಂಡಿನಂಥ ಹಾಳೆಗಳು ಡ್ರಾಯರ್‌ನಲ್ಲಿ ಉಳಿದವು. ಅವರೆಲ್ಲ ಒಂದು ಕಾಲದಲ್ಲಿ ರೆಕಾರ್ಡ್ ಬರೆದ ವಿದ್ಯಾರ್ಥಿಗಳೇ ಅಲ್ವಾ?

ಹಾಗಂತ ಎಲ್ಲ ಕುಸಿದುಬಿದ್ದಿದೆ ಅಂತಲ್ಲ. ಬಣ್ಣದ ಹೆಸರು ಒಂದು, ಬರೆದ ಇಂಕಿನ ಬಣ್ಣ ಇನ್ನೊಂದು, ಇಂಕಿನ ಬಣ್ಣ ಹೇಳೋಕೆ ಹೋದರೆ ನಾಲಿಗೆ ತೊಡರುವ ಸ್ಟ್ರೂಪ್ ಪ್ರಯೋಗ 1935ರದ್ದು. ನಾಳೆ ಬೆಳಿಗ್ಗೆ ಮಾಡಿದರೂ ಬರುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಪದಗಳನ್ನು ತಾನೇ ಬಾಯಿಪಾಠ ಮಾಡಿ ತಾನೇ ಮರೆತು 1885ರಲ್ಲಿ ಲೆಕ್ಕ ಕೊಟ್ಟ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಜಾರಿ ಹೋಗುತ್ತದೆ, ಆಮೇಲೆ ಜಾರುವ ವೇಗ ಕಡಿಮೆಯಾಗುತ್ತದೆ ಅಂತ. 2015ರಲ್ಲೇ ಅದನ್ನು ಮತ್ತೆ ಮಾಡಿದವರಿಗೂ ಹೆಚ್ಚುಕಡಿಮೆ ಅದೇ ಗೆರೆ ಬಂತು. ಅವನೂ ಒಬ್ಬನೇ ಸಬ್ಜೆಕ್ಟ್, ನಿಜ, ಆದರೆ ಒಂದು ಸಲ ಅಳೆದು ಎದ್ದು ಹೋಗಲಿಲ್ಲ. ವರ್ಷಗಟ್ಟಲೆ ಕೂತ.

ಯಾವುದು ಗಟ್ಟಿ, ಯಾವುದು ಅಲ್ಲ ಅನ್ನುವುದನ್ನು ನಮಗೆ ಹೇಳಲೇ ಇಲ್ಲ ಅನ್ನುವುದು ನನ್ನ ದೂರು. ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ದಪ್ಪ ಅಕ್ಷರದಲ್ಲಿ. ಹುಡುಗರಿಗೆ ಕೈದಿ, ಗಾರ್ಡ್ ಪಾತ್ರ ಕೊಟ್ಟು ಆಡಿಸಿದ 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗದ ಬಗ್ಗೆ ನಾನು ಹತ್ತು ಮಾರ್ಕ್ಸಿನ ಉತ್ತರ ಬರೆದಿದ್ದೇನೆ. ಎರಡು ವಾರ ಅಂತ ಶುರುವಾಗಿದ್ದನ್ನು ಆರು ದಿನಕ್ಕೆ ನಿಲ್ಲಿಸಿದರು, ಸಾಮಾನ್ಯ ಹುಡುಗರು ಗಾರ್ಡ್ ಬಟ್ಟೆ ಹಾಕಿದ ಕೂಡಲೇ ತಾವಾಗೇ ಕ್ರೂರಿಗಳಾದರು, ಇತ್ಯಾದಿ. 'ತಾವಾಗೇ' ಅನ್ನುವುದು ಸರಿಯಿಲ್ಲ, ಗಾರ್ಡ್‌ಗಳು ಗಟ್ಟಿಯಾಗಿರಬೇಕು ಅಂತ ಪ್ರಯೋಗ ನಡೆಸಿದವರ ಕಡೆಯಿಂದಲೇ ಹೇಳಿಕೊಟ್ಟಿದ್ದರು ಅನ್ನುವುದಕ್ಕೆ ಧ್ವನಿಮುದ್ರಣಗಳಿವೆ ಅಂತ ನನಗೆ ಗೊತ್ತಾಗಿದ್ದು ಪದವಿ ಮುಗಿದ ಮೇಲೆ. ಕಿಟ್ಟಿ ಜಿನೋವೀಸ್ ಕಥೆಯೂ ಹಾಗೇ. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಅವಳ ಕೊಲೆಯಾಗುವಾಗ 38 ಜನ ಕಿಟಕಿಯಲ್ಲಿ ನಿಂತು ನೋಡಿ ಸುಮ್ಮನಿದ್ದರು ಅಂತ ಪತ್ರಿಕೆ ಬರೆದದ್ದೇ ಪಠ್ಯಕ್ಕೂ ಬಂತು. 2007ರಲ್ಲಿ ದಾಖಲೆ ತೆಗೆದು ನೋಡಿದವರಿಗೆ ಆ 38ಕ್ಕೆ ಆಧಾರ ಸಿಗಲಿಲ್ಲ. ಮಜಾ ಏನೆಂದರೆ, ಆ ಸುದ್ದಿಯಿಂದ ಹುಟ್ಟಿದ ಪ್ರಯೋಗ ಚೆನ್ನಾಗಿದೆ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಮಾಡಿದ್ದು. ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಫಿಟ್ಸ್ ಬಂದ ಸದ್ದು ಕೇಳಿದಾಗ, ಕೇಳಿಸಿಕೊಂಡವನು ನಾನೊಬ್ಬನೇ ಅಂದುಕೊಂಡವರಲ್ಲಿ ಶೇಕಡಾ 85 ಜನ ಓಡಿದರು, ಇನ್ನೂ ನಾಲ್ಕು ಜನ ಇದ್ದಾರೆ ಅಂದುಕೊಂಡವರಲ್ಲಿ ಶೇಕಡಾ 31 ಜನ. ಕಥೆ ತಪ್ಪು, ಪ್ರಯೋಗ ಸರಿ. ಇದನ್ನು ಹೀಗೇ ಪಾಠ ಮಾಡಿದರೆ ಒಂದು ಗಂಟೆ ಹೇಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ನೀವು ಯಾಕೆ ಮಾಡಲ್ಲ?

ಮಿಲ್‌ಗ್ರಾಮ್ ವಿಷಯದಲ್ಲಂತೂ ನನಗೆ ಸಿಟ್ಟೇ ಬರುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಶುರುವಾದ ಪ್ರಯೋಗ. ಆಚೆ ಕೋಣೆಯಲ್ಲಿ ಕೂತವನಿಗೆ ಶಾಕ್ ಕೊಡು ಅಂತ ಕೋಟು ಹಾಕಿದವರು ಹೇಳಿದರೆ 40ರಲ್ಲಿ 26 ಜನ 450 ವೋಲ್ಟ್ ತನಕ ಹೋದರು. ಶಾಕ್ ಸುಳ್ಳು, ಕೊಟ್ಟವರ ಬೆವರು ನಿಜ. ನಾವು ಬಾಯಿಪಾಠ ಮಾಡಿದ್ದು 65 ಅನ್ನುವ ಆ ಒಂದು ಶೇಕಡಾವಾರು. ಆದರೆ ಅವರು ಮಾಡಿದ್ದು ಒಂದು ಪ್ರಯೋಗ ಅಲ್ಲ, ಅಲ್ಲಿ ಇಲ್ಲಿ ಬದಲಾಯಿಸಿ ಎಷ್ಟೋ ಪ್ರಯೋಗ. ಶಾಕ್ ತಿನ್ನುವವನನ್ನು ಅದೇ ಕೋಣೆಗೆ ತಂದು ಕೂರಿಸಿದರೆ ಕೊನೆ ತನಕ ಹೋದವರು 40ರಲ್ಲಿ 16. ಜೊತೆಗೆ ಕೂತ ಇಬ್ಬರು 'ನಮ್ಮಿಂದ ಆಗಲ್ಲ' ಅಂತ ಎದ್ದರೆ 40ರಲ್ಲಿ ಬರೀ 4. ಅಂದರೆ ಪಕ್ಕದಲ್ಲಿರುವ ಇಬ್ಬರು 'ಆಗಲ್ಲ' ಅಂದರೆ ಹತ್ತರಲ್ಲಿ ಒಂಬತ್ತು ಜನ 'ಆಗಲ್ಲ' ಅನ್ನುತ್ತಾರೆ! ಈ ಪಾಠವನ್ನು ಬಿಟ್ಟು 'ಮನುಷ್ಯ ಅಂದರೆ ಇಷ್ಟೇ, ಹೇಳಿದ್ದು ಕೇಳುತ್ತಾನೆ' ಅಂತ ಕಲಿಸಿ ಇಪ್ಪತ್ತು ವರ್ಷದ ಮಕ್ಕಳನ್ನು ಮನೆಗೆ ಕಳಿಸಿದಿರಿ. ಆವತ್ತು ಲ್ಯಾಬಿನಲ್ಲಿ ಪಕ್ಕದ ಮೇಜಿನ ಇಬ್ಬರು 'ನಾವು ಬಂದದ್ದನ್ನೇ ಬರೆಯುತ್ತೇವೆ' ಅಂದಿದ್ದರೆ ನಾನೂ 97 ಬರೆಯುತ್ತಿದ್ದೆನೋ ಏನೋ.

ಇನ್ನು ಸ್ಟ್ಯಾಟಿಸ್ಟಿಕ್ಸ್. ಇದನ್ನು ಮೊದಲ ವರ್ಷ ಬಚ್ಚಿಟ್ಟು ಆಮೇಲೆ ತಂದು ತಲೆ ಮೇಲೆ ಸುರಿಯುತ್ತೀರಿ. ಗಣಿತ ತಪ್ಪಿಸಿಕೊಳ್ಳಲು ಸೈಕಾಲಜಿ ತಗೊಂಡವರು ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಇದ್ದರು (ನಾನೂ ಆ ಅರ್ಧದಲ್ಲೇ). ಅವರಿಗೆ ಮೋಸ ಆಯಿತು ಅಂತ ಅನಿಸಿದರೆ ತಪ್ಪೇನು? ಮೊದಲ ದಿನವೇ ಹೇಳಿ. ಹೇಳುವುದಕ್ಕೆ ಸೂತ್ರ ಬೇಡ, ನಾಣ್ಯ ಸಾಕು. ಕ್ಲಾಸಿನಲ್ಲಿ 60 ಜನ ಇದ್ದಾರೆ ಅಂದುಕೊಳ್ಳಿ. ಪ್ರತಿಯೊಬ್ಬರಿಗೂ ನಾಣ್ಯವನ್ನು ಹತ್ತು ಸಲ ಚಿಮ್ಮಿ ಎಷ್ಟು ಸಲ ತಲೆ (ಹೆಡ್ಸ್) ಬಿತ್ತು ಬರೆಯಿರಿ ಅನ್ನಿ. ಎಂಟು ಅಥವಾ ಅದಕ್ಕಿಂತ ಜಾಸ್ತಿ ತಲೆ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು ಐದೂವರೆ. ಹಾಗಾಗಿ 60 ಜನರಲ್ಲಿ ಸರಾಸರಿ ಮೂರು ಜನರಿಗೆ ಬರುತ್ತದೆ. ಆ ಮೂವರನ್ನು ಎದ್ದು ನಿಲ್ಲಿಸಿ. 'ಇವರ ಕೈಯಲ್ಲಿ ಏನು ವಿಶೇಷ ಇದೆ?' ಅಂತ ಉಳಿದವರನ್ನು ಕೇಳಿ. ಎಲ್ಲ ನಗುತ್ತಾರೆ. ಆಮೇಲೆ ಹೇಳಿ, ಸಂಶೋಧನೆಯಲ್ಲಿ 0.05 ಅನ್ನುವ ಗೆರೆ ಅಂದರೆ ಹೆಚ್ಚುಕಡಿಮೆ ಇದೇ, ಏನೂ ವಿಶೇಷ ಇಲ್ಲದಿದ್ದರೂ ಇಷ್ಟು ದೊಡ್ಡ ಫಲಿತಾಂಶ ಸುಮ್ನೆ ಆಕಸ್ಮಿಕವಾಗಿ ಬರುವ ಸಾಧ್ಯತೆ, ಮತ್ತು ಉಳಿದ 57 ಜನರ ಹಾಳೆ ಹರಿದುಹಾಕಿ ಈ ಮೂವರದ್ದನ್ನು ಮಾತ್ರ ಅಚ್ಚು ಹಾಕಿದರೆ ಏನಾಗುತ್ತದೆ ಅಂತ. ನನಗೆ ಇದು ಅರ್ಥ ಆಗುವಷ್ಟರಲ್ಲಿ ಎರಡು ವರ್ಷ ಮತ್ತು ಮೂರು ಟ್ಯೂಷನ್ ಆಗಿತ್ತು.

ಸೇರುವ ಮುಂಚೆ ಕೈಗೆ ಬರುವ ಪ್ರಾಸ್ಪೆಕ್ಟಸ್ ಬಗ್ಗೆಯೂ ಒಂದು ಮಾತು. 'ನಿಮಗೆ ಜನರ ಬಗ್ಗೆ ಕುತೂಹಲವೇ? ಬೇರೆಯವರ ನೋವು ನಿಮಗೆ ಬೇಗ ಅರ್ಥವಾಗುತ್ತದೆಯೇ? ಹಾಗಾದರೆ ಈ ಕೋರ್ಸ್ ನಿಮಗಾಗಿ.' ಇದಕ್ಕೆ ಇಲ್ಲ ಅನ್ನುವವರು ಯಾರಾದರೂ ಇದ್ದಾರಾ? 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, 'ಇದು ನಿನ್ನ ಬಗ್ಗೆ' ಅಂತ ಎಲ್ಲರಿಗೂ ಒಂದೇ ಒಂದು ಬರಹ ಕೊಟ್ಟ. ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ವಾಕ್ಯಗಳು. ಎಷ್ಟು ಸರಿಯಾಗಿದೆ ಅಂತ ಕೇಳಿದರೆ ಐದಕ್ಕೆ ಸರಾಸರಿ 4.26 ಕೊಟ್ಟರು. ಇದನ್ನು ನಮಗೆ ಪಾಠ ಮಾಡಿದವರೇ ಆ ಪ್ರಾಸ್ಪೆಕ್ಟಸ್ ಬರೆದಿದ್ದು. ಅದರ ಜಾಗದಲ್ಲಿ ಒಂದೇ ಸಾಲು ಹಾಕಿ: 'ಜನ ನಿಮಗೆ ಅರ್ಥವಾಗುತ್ತಾರೆ ಅನ್ನುವ ನಿಮ್ಮ ನಂಬಿಕೆಯನ್ನು ಇಲ್ಲಿ ಅಳೆದು ನೋಡುತ್ತೇವೆ.' ಅಡ್ಮಿಷನ್ ಕಡಿಮೆ ಆಗಬಹುದು. ಆಗಲಿ.

ಜನ ಅರ್ಥವಾಗುತ್ತಾರೆ ಅನ್ನುವ ಆ ನಂಬಿಕೆ ಸಣ್ಣ ಅಪಾಯ ಅಲ್ಲ. ಮಾನಸಿಕ ಕಾಯಿಲೆಗಳ ಅಧ್ಯಾಯ ಶುರುವಾದ ತಿಂಗಳು ನಮ್ಮ ಇಡೀ ಕ್ಲಾಸಿಗೆ ಎಲ್ಲ ಕಾಯಿಲೆಯೂ ಇತ್ತು. ನಮ್ಮ ಮನೆಯವರಿಗೂ ಇತ್ತು. ಅದೇ ತಿಂಗಳು ನನ್ನ ರೂಮ್‌ಮೇಟ್ ಒಂದು ರಾತ್ರಿ ಕೂತು ತನ್ನ ಮನೆಯ ವಿಷಯ ಹೇಳಿಕೊಂಡಳು. ಅಪ್ಪನ ಬಗ್ಗೆ, ಬಿಟ್ಟು ಹೋದವನ ಬಗ್ಗೆ. ನಾನು ಕೇಳಿಸಿಕೊಳ್ಳಲಿಲ್ಲ, ಗುರುತು ಹಚ್ಚುತ್ತಿದ್ದೆ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವಳಿಗೆ ಇರುವುದು ಇಂಥ ತೊಂದರೆ ಅಂತ ಹೆಸರಿಟ್ಟು ಹೇಳಿದೆ, ಪುಟದ ಸಂಖ್ಯೆ ಸಮೇತ. "ನಾನು ಮಾತಾಡಿದ್ದು ನಿನ್ನ ಹತ್ರ, ನಿನ್ನ ಪುಸ್ತಕದ ಹತ್ರ ಅಲ್ಲ" ಅಂತ ಹೇಳಿ ಲೈಟ್ ಆಫ್ ಮಾಡಿದಳು. ಆಮೇಲೆ ಎಷ್ಟೋ ದಿನ ಬರೀ ಬಾಗಿಲು, ಬೀಗ, ಫ್ಯಾನ್ ಬಗ್ಗೆ ಮಾತ್ರ ಮಾತು. ಆ ಅಧ್ಯಾಯದ ಮೊದಲ ತರಗತಿಯಲ್ಲಿ ನೀವು ಐದು ನಿಮಿಷ ಹೇಳಬಹುದಿತ್ತು: ಪಟ್ಟಿಯಲ್ಲಿ ಇರುವ ಲಕ್ಷಣ ಎಲ್ಲರಲ್ಲೂ ಅಷ್ಟಿಷ್ಟು ಇರುತ್ತದೆ, ಅದು ಎಷ್ಟು ದಿನ, ಎಷ್ಟು ಜೋರಾಗಿ, ಬದುಕನ್ನು ಎಷ್ಟು ಕೆಡಿಸಿದೆ ಅನ್ನುವುದೇ ಮುಖ್ಯ, ಅದನ್ನು ನೋಡಲು ವರ್ಷಗಟ್ಟಲೆ ತರಬೇತಿ ಬೇಕು, ನಿಮಗೆ ಇನ್ನೂ ಆಗಿಲ್ಲ, ಬಾಯಿ ಮುಚ್ಚಿಕೊಂಡಿರಿ ಅಂತ.

'ಮನುಷ್ಯರು ಹೀಗೆ' ಅಂತ ಶುರುವಾಗುವ ಪಠ್ಯದ ವಾಕ್ಯಗಳಿಗೂ ಒಂದು ಸಣ್ಣ ಬಾಲ ಸೇರಿಸಿ, ಯಾವ ಮನುಷ್ಯರು ಅಂತ. ದೊಡ್ಡ ಪತ್ರಿಕೆಗಳಲ್ಲಿ ಬಂದ ಅಧ್ಯಯನಗಳನ್ನು ಜೆಫ್ರಿ ಆರ್ನೆಟ್ ಅನ್ನುವ ಮನೋವಿಜ್ಞಾನಿ 2008ರಲ್ಲಿ ಲೆಕ್ಕ ಹಾಕಿದಾಗ ಶೇಕಡಾ 96ರಷ್ಟು ಸಬ್ಜೆಕ್ಟ್‌ಗಳು ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಜಗತ್ತಿನ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು ಸುಮಾರು ಶೇಕಡಾ 12. ಅದರಲ್ಲೂ ಎಷ್ಟೋ ಜನ ಕಾಲೇಜಿನ ಸೈಕಾಲಜಿ ವಿದ್ಯಾರ್ಥಿಗಳೇ, ಅಂದರೆ ನಮ್ಮಂಥವರೇ. ಲ್ಯಾಬಿನಲ್ಲಿ ಬಾಣದ ತುದಿಯ ಎರಡು ಗೆರೆ ಅಳೆಸುವ, ಒಂದೇ ಉದ್ದದ ಗೆರೆಗಳು ಬೇರೆ ಬೇರೆ ಉದ್ದ ಕಾಣುವ ಮುಲ್ಲರ್-ಲಯರ್ ಭ್ರಮೆ ಇದೆಯಲ್ಲ, ಅದು ಕೂಡ ಎಲ್ಲ ಕಡೆ ಒಂದೇ ಥರ ಇಲ್ಲ, ಕೆಲವು ಸಮುದಾಯಗಳಲ್ಲಿ ಆ ಭ್ರಮೆ ತೀರಾ ಕಡಿಮೆ ಅಂತ 1966ರಲ್ಲೇ ತೋರಿಸಿದ್ದಾರೆ. ನಮ್ಮ ರೆಕಾರ್ಡ್‌ನಲ್ಲಿ ಅದಕ್ಕೂ 'ಊಹೆ ಸಮರ್ಥಿಸಲ್ಪಟ್ಟಿದೆ.'

ಒಂದು ಸಣ್ಣ ಜಗಳ ಪರೀಕ್ಷೆಯ ಬಗ್ಗೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಸಂಶೋಧಕರು ತೋರಿಸಿದ್ದನ್ನು ನೀವೇ ಬೋರ್ಡಿನ ಮೇಲೆ ಬರೆದಿರಿ. ಎರಡು ಸಲ ಓದಿದವರಿಗಿಂತ ಒಂದು ಸಲ ಓದಿ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು, ಶೇಕಡಾ 42ಕ್ಕೆ ಎದುರು 56. ಬರೆದಿರಿ, ಡಸ್ಟರ್‌ನಿಂದ ಒರೆಸಿದಿರಿ, ಕೊನೆಯಲ್ಲಿ ಒಂದೇ ಒಂದು ದೊಡ್ಡ ಪರೀಕ್ಷೆ ಇಟ್ಟಿರಿ. ವಾರಕ್ಕೊಮ್ಮೆ ಹತ್ತು ನಿಮಿಷ, ಮಾರ್ಕ್ಸ್ ಇಲ್ಲದ ಖಾಲಿ ಹಾಳೆ ಕೊಟ್ಟರೆ ಏನು ಕಷ್ಟ? ನಿಮ್ಮ ಸಬ್ಜೆಕ್ಟನ್ನು ನೀವೇ ನಂಬದಿದ್ದರೆ ನಾವು ಹೇಗೆ ನಂಬುವುದು?

ಕೆಲಸದ ಬಗ್ಗೆ ಕೇಳುವವರಿಗೆ ನೇರವಾಗಿ ಹೇಳಿ. ಈ ಪದವಿ ಒಂದರಿಂದಲೇ ಯಾರೂ ಚಿಕಿತ್ಸೆ ಕೊಡುವವರಾಗುವುದಿಲ್ಲ. ಹೆಚ್ಚಿನ ದೇಶಗಳಲ್ಲಿ ಅದಕ್ಕೆ ಮುಂದಿನ ಪದವಿ ಬೇಕು, ಅನುಭವಸ್ಥರ ಕೈಕೆಳಗೆ ಕೆಲಸ ಮಾಡಬೇಕು, ಲೈಸೆನ್ಸೋ ನೋಂದಣಿಯೋ ಆಗಬೇಕು. ಅಷ್ಟು ದೂರ ಎಲ್ಲರೂ ಹೋಗುವುದಿಲ್ಲ. ಹೋಗದವರು ಸೋತವರಲ್ಲ. ನಾನೂ ಹೋಗಲಿಲ್ಲ.

ನಾನೀಗ ಒಂದು ಸಂಸ್ಥೆಯಲ್ಲಿ ಪ್ರಶ್ನಾವಳಿ ಮಾಡುತ್ತೇನೆ. ಜನರಿಗೆ ಏನು ಬೇಕು, ಏನು ಬೇಡ ಅಂತ ಕೇಳುವುದು, ಬಂದ ಉತ್ತರ ಓದುವುದು, ರಿಪೋರ್ಟ್ ಬರೆಯುವುದು. ಒಂದೇ ಪ್ರಶ್ನೆಯಲ್ಲಿ ಎರಡು ವಿಷಯ ಕೇಳಬಾರದು, ಉತ್ತರವನ್ನು ಪ್ರಶ್ನೆಯಲ್ಲೇ ಬಚ್ಚಿಡಬಾರದು, ಉತ್ತರ ಕೊಡದೇ ಎದ್ದು ಹೋದವರ ಬಗ್ಗೆಯೂ ಯೋಚಿಸಬೇಕು. ಇದೆಲ್ಲ ನಿಮ್ಮ ಹತ್ತಿರ ಕಲಿತದ್ದು, ದಿನಾ ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಥ್ಯಾಂಕ್ಸ್, ನಿಜವಾಗಲೂ. ಒಂದು ಸಲ ಮೇಲಿನವರು ಕರೆದು "ಈ ಒಂದು ಪ್ರಶ್ನೆ ಬಿಟ್ಟುಬಿಡೋಣ, ರಿಪೋರ್ಟ್ ಚೆನ್ನಾಗಿ ಕಾಣುತ್ತೆ" ಅಂದರು. ಜನ ಬೈದಿದ್ದು ಆ ಒಂದು ಪ್ರಶ್ನೆಯಲ್ಲೇ. ನಾನು ಬಿಟ್ಟೆ. ಯೋಚನೆ ಕೂಡ ಮಾಡಲಿಲ್ಲ, ಕೈ ತಾನಾಗೇ ಡಿಲೀಟ್ ಒತ್ತಿತು. ಮೊಲೈಸನ್ ಕೈಯ ಹಾಗೆ, ಎಲ್ಲಿ ಕಲಿತೆ ಅಂತ ನೆನಪಿಲ್ಲದಿದ್ದರೂ ಅಭ್ಯಾಸ ಗಟ್ಟಿಯಾಗಿತ್ತು. ಮುಂದಿನ ವರ್ಷ ಅದೇ ಪ್ರಶ್ನೆ ಕೇಳಿದೆವು, ಅದೇ ಬೈಗುಳ ಬಂತು, ಅವರು ಅದೇ ಮಾತು ಹೇಳಿದರು. ಆ ಸಲ ಬಿಡಲಿಲ್ಲ. ದೊಡ್ಡ ಧೈರ್ಯವೇನೂ ಅಲ್ಲ, ಪಕ್ಕದಲ್ಲಿ ಕೂರುವ ಇಬ್ಬರು ನನಗಿಂತ ಮುಂಚೆ "ಬೇಡ ಸರ್, ಇರಲಿ" ಅಂದಿದ್ದರು.

ಹಾಗಾಗಿ ಮತ್ತೆ ಕೇಳುತ್ತೇನೆ. ಈ ವರ್ಷದ ಪ್ರಾಕ್ಟಿಕಲ್ ಶುರುವಾಗುವ ದಿನ ಲ್ಯಾಬಿನಲ್ಲಿ ಗಟ್ಟಿಯಾಗಿ ಹೇಳಿ: ಏನು ಬಂತೋ ಅದನ್ನು ಬರೆಯಿರಿ, ಯಾಕೆ ಹಾಗೆ ಬಂದಿರಬಹುದು ಅಂತ ಬರೆದದ್ದಕ್ಕೆ ಮಾರ್ಕ್ಸ್. ಪೆನ್ಸಿಲ್‌ನಲ್ಲಿ ಬರೆದು ಆಮೇಲೆ ತಿದ್ದುವುದು ಬೇಡ, ಸ್ಟಾಪ್‌ವಾಚ್ ನಿಂತ ಕೂಡಲೇ ಪೆನ್ನಿನಲ್ಲಿ ಬರೆಸಿ. ಕ್ಲಾಸಿನ ಎಲ್ಲರ ಅಂಕಿಗಳನ್ನೂ ಒಟ್ಟಿಗೆ ಬೋರ್ಡಿಗೆ ಹಾಕಿ, ಸರಾಸರಿ ತೆಗೆಸಿ. ಅಲ್ಲಿ ಬೇಕಾದರೆ ಊಹೆ ಸರಿಯೋ ತಪ್ಪೋ ನೋಡಿ. ಸೀನಿಯರ್‌ಗಳ ಹಳೇ ರೆಕಾರ್ಡ್ ಬೀರುವಿನಲ್ಲಿ ಇಟ್ಟು ಬೀಗ ಹಾಕಿ. ಹೊರಗಿನಿಂದ ಬರುವ ಪರೀಕ್ಷಕರಿಗೂ ಹೇಳಿ. ಅವರದ್ದೇ ಭಯ ಜಾಸ್ತಿ ನಮಗೆ.

ನನ್ನ ರೆಕಾರ್ಡ್ ಈಗಲೂ ನನ್ನ ಹತ್ತಿರ ಇದೆ. ಮೊನ್ನೆ ತೆಗೆದು 61ರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 97 ಅಂತ ಬರೆದು ಸಹಿ ಹಾಕಿದೆ. 'ಗುಡ್' ಅನ್ನು ಮುಟ್ಟಲಿಲ್ಲ. ಅದನ್ನು ಬರೆದವರು ನೀವು, ಹೊಡೆದುಹಾಕುವುದಿದ್ದರೆ ನೀವೇ ಹಾಕಿ.

ಇಂತಿ,
ನಿಮ್ಮ ಹಳೇ ವಿದ್ಯಾರ್ಥಿ